ಬಾಲದ ಕಡೆ ಮುಖ

"ಕೀಲಿ ಎಲ್ಲಿ ಅಂತ ಕೇಳ್ತೀಯಲ್ಲಮ್ಮ, ಕೊಡ್ತೀನಿ, ಅದೇನು ಓಡಿಹೋಗುತ್ತಾ? ಮೊದ್ಲು ಕೂತ್ಕೋ. ಆ ಸ್ಟೂಲ್ ಮೇಲೆ ಬೇಡ, ಅದರ ಒಂದು ಕಾಲಿಗೆ ಸಿಟ್ಟು ಜಾಸ್ತಿ. ಇಲ್ಲಿ ಕೂತ್ಕೋ. ನೋಡು, ಈ ಮನೇಲಿ ಮನುಷ್ಯರಿಗಿಂತ ಕುದುರೆಗಳೇ ಜಾಸ್ತಿ ಇದ್ವು. ಬಿರುಗಾಳಿ ತಿಂಗಳು ಬಂತು ಅಂದ್ರೆ ಅಪ್ಪ ಒಂದೊಂದೇ ಕುದುರೆ ಬಿಚ್ಚಿ ಹೆಗಲ ಮೇಲೆ ಹೊತ್ಕೊಂಡು ಬರೋನು. ಕುದುರೆ ಮೇಲೆ ಮನುಷ್ಯ ಕೂರೋದನ್ನ ಎಲ್ರೂ ನೋಡಿದಾರೆ, ಮನುಷ್ಯನ ಮೇಲೆ ಕುದುರೆ ಕೂತು ಬರೋದನ್ನ ನಮ್ಮ ಬೀದಿಯೋರು ಮಾತ್ರ ನೋಡಿದ್ದು. ಅಮ್ಮ ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ನಿಂತಿರೋಳು. 'ಕಾಲು ಒರೆಸಿ ಒಳಗೆ ತನ್ನಿ' ಅನ್ನೋಳು. ಅಪ್ಪನ ಕಾಲಲ್ಲ, ಕುದುರೆ ಕಾಲು! ಮರಳು ಮೆತ್ಕೊಂಡಿರೋದಲ್ಲ, ಅದಕ್ಕೆ. ನಡುಮನೇಲಿ ಸಾಲಾಗಿ ದೊಡ್ಡವು, ಮಂಚದ ಕೆಳಗೆ ಮರಿಗಳು. ಒದ್ದೆ ಬಟ್ಟೆನೆಲ್ಲ ಅಮ್ಮ ಕುದುರೆ ಕಿವಿಗೆ ಸಿಗಿಸಿ ಒಣಗಿಸೋಳು. ಹಲ್ಲುಕಿರಿಕ ಅಂತ ಒಂದಿತ್ತು, ಅದರ ಬಾಯೊಳಗೆ ಅಪ್ಪನ ಬಾಚಣಿಗೆ. ಗಂಟುಮೋರೆ ಅಂತ ಇನ್ನೊಂದು. ನಾನೂ ತಮ್ಮನೂ ಜಗಳ ಆಡಿದ್ರೆ ಅಮ್ಮ ಹೊಡೀತಿರ್ಲಿಲ್ಲ, 'ಹೋಗಿ ಗಂಟುಮೋರೆ ಎದುರು ಕೂತ್ಕೊಳ್ಳಿ' ಅನ್ನೋಳು. ಅದರ ಮುಖ ನೋಡ್ತಾ ನೋಡ್ತಾ, ನಾವೂ ಹೀಗೇ ಕಾಣ್ತಿದೀವೇನೋ ಅನ್ಸಿ ನಗು ಬಂದ್ಬಿಡೋದು. ಜಗಳ ಅಲ್ಲಿಗೇ ಮುಗೀತು. ಈಗ ನೀನು ಬಂದು, ನಿಮ್ಮ ಕುದುರೆ ಹಿಂದಕ್ಕೆ ಹೋಗುತ್ತೆ, ಅದನ್ನ ಸರಿಮಾಡ್ಬೇಕು ಅಂತೀಯ. ಹಿಂದಕ್ಕಲ್ಲ ತಾಯೀ. ಅದು ಅದರ ದಾರೀಲಿ ಹೋಗುತ್ತೆ. ನಮ್ಮಪ್ಪ ಬೇಕು ಅಂತಲೇ ಹಾಗೆ ಮಾಡಿದ್ದು. ಟೀ ಕುಡೀತೀಯಾ?"

ಹುಡುಗಿ ಟೀ ಕುಡಿದಳು. ಕೀಲಿ ಮಾತ್ರ ಸಿಗಲಿಲ್ಲ. ಅದು ಮೊದಲಿನಿಂದಲೂ ಕುದುರೆ ಚಕ್ರ ನಡೆಸುವ ಕುದುರೆಯಕ್ಕನ ಸೊಂಟದಲ್ಲೇ ಸಿಕ್ಕಿಕೊಂಡಿತ್ತು. ಗೂಡು, ಡಬ್ಬಿ, ದಿಂಬಿನ ಕೆಳಗೆಲ್ಲ ಆಕೆ ತಡಕಾಡುವಾಗ ಹೆಜ್ಜೆಹೆಜ್ಜೆಗೂ ಗಿಲಿಗಿಲಿ ಸದ್ದು ಮಾಡುತ್ತಿತ್ತು. ನಗರಸಭೆಯವರು ಕಳಿಸಿದ ಆ ಮೆಕ್ಯಾನಿಕ್ ಹುಡುಗಿಗೂ ಕಿವಿ ಇತ್ತು. ಆದರೂ ಅವಳು ಏನೂ ಕೇಳಿಸದವಳ ಹಾಗೆ ಲೋಟ ಕೆಳಗಿಟ್ಟು, "ನಾಳೆ ಬರ್ತೀನಿ ಅಕ್ಕಾ, ಅಷ್ಟರಲ್ಲಿ ಹುಡುಕಿಡಿ" ಎಂದು ಹೊರಟಳು.

ಊರಿನ ಕಡಲ ದಂಡೆಯಲ್ಲಿರುವ ಕುದುರೆ ಚಕ್ರವನ್ನು ನೋಡದವರಿಲ್ಲ. ದುಂಡನೆಯ ಹಲಗೆ ಕಟ್ಟೆ, ಮೇಲೆ ಕೊಡೆಯಂತಹ ಮಾಡು, ನಡುವೆ ಕಂಬ, ಸುತ್ತಲೂ ಬಣ್ಣದ ಮರಗುದುರೆಗಳು. ಎಲ್ಲ ಕಡೆಯ ಕುದುರೆ ಚಕ್ರಗಳಂತೆಯೇ ಇದೂ ಗಿರಗಿರನೆ ಸುತ್ತುತ್ತದೆ. ಆದರೆ ಇದು ಸುತ್ತುವಾಗ ಕುದುರೆಗಳ ಬಾಲ ಮುಂದೆ, ಮೂತಿ ಹಿಂದೆ. ಆದ್ದರಿಂದ ಊರಿನವರು ಕುದುರೆಯ ಮೇಲೆ ಬಾಲದ ಕಡೆ ಮುಖಮಾಡಿ ಕೂರುತ್ತಾರೆ. ಹಿಡಿದುಕೊಳ್ಳುವುದು ಬಾಲವನ್ನು. ಅಜ್ಜಿ ಕೂತದ್ದು ಹಾಗೆ, ಅವ್ವ ಕೂತದ್ದು ಹಾಗೆ, ಮೊಮ್ಮಗು ಕೂರುವುದೂ ಹಾಗೆಯೇ. ಪರಊರಿನಿಂದ ಬಂದ ನೆಂಟರು ಕಿವಿ ಹಿಡಿದು ಮೂತಿಯ ಕಡೆ ಕೂತರೆ, "ಅಯ್ಯೋ, ಉಲ್ಟಾ ಕೂತಿದಾರೆ ನೋಡ್ರೋ" ಎಂದು ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಅಷ್ಟು ವರ್ಷ ಅಷ್ಟು ಕೈಗಳು ಹಿಡಿದು ಬಾಲಗಳೆಲ್ಲ ಸವೆದು ಸೌಟಿನ ಹಿಡಿಯಷ್ಟಾಗಿದ್ದವು. ಕಿವಿಗಳು ಮಾತ್ರ ನಿನ್ನೆ ಕೆತ್ತಿದ ಹಾಗೆ ಚೂಪಾಗಿದ್ದವು.

ತಕರಾರು ಶುರುವಾದದ್ದೇ ಬಾಲದಿಂದ. ಶಾಲೆಯ ಹೆಡ್‌ಮಾಸ್ತರು ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮಕ್ಕಳ ಒತ್ತಾಯಕ್ಕೆ ತಾವೂ ಒಂದು ಕುದುರೆ ಏರಿದರು. ತೂಕದ ಮನುಷ್ಯರು. ಚಕ್ರ ವೇಗ ಹಿಡಿದಾಗ ಬಾಲವನ್ನು ಗಟ್ಟಿಯಾಗಿ ಎಳೆದರು. ಬಾಲ ಕಿತ್ತು ಕೈಗೆ ಬಂತು, ಅವರು ಹಲಗೆಯ ಮೇಲೆ ದೊಪ್ಪನೆ ಕೂತರು. ಪೆಟ್ಟೇನೂ ಆಗಲಿಲ್ಲ. ಚಕ್ರ ನಿಂತ ಮೇಲೆ ಎದ್ದು, ಅಂಗಿ ಕೊಡವಿಕೊಂಡು, ಬಾಲವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕುದುರೆಯಕ್ಕನ ಮುಂದೆ ನಿಂತರು. "ಇದು ನಿಮ್ಮದು ಅಂತ ಕಾಣುತ್ತೆ" ಎಂದರು. ಮಕ್ಕಳು ಆ ವಾರವಿಡೀ ಪಾಠ ಕೇಳಿದ್ದರೆ ಕೇಳಿ.

ವಿಷಯ ನಗರಸಭೆಗೆ ಹೋಯಿತು. ಅಲ್ಲಿಂದ ಬಂದ ಹುಡುಗಿ ಚಕ್ರದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ವಿಷಯವನ್ನು ನೇರವಾಗಿ ಹೇಳಿದಳು. ಕುದುರೆ ಮುಂದಕ್ಕೆ ಹೋಗಬೇಕು, ಜನ ಕುತ್ತಿಗೆಯ ಕಡೆ ಮುಖಮಾಡಿ ಕೂತು, ಅಲ್ಲಿ ಕುದುರೆಗೆ ನೆಟ್ಟಿರುವ ಕಂಬ ಹಿಡಿಯಬೇಕು. ಕಂಬ ಗಟ್ಟಿ, ಬಾಲ ಗಟ್ಟಿಯಲ್ಲ. ಅದಕ್ಕೆ ಇಂಜಿನ್ನಿನ ಕೋಣೆ ತೆಗೆದು ಬೆಲ್ಟು ಸರಿಮಾಡಿದರೆ ಸಾಕು. ಮಾಡದಿದ್ದರೆ ಚಕ್ರ ನಿಲ್ಲಿಸಬೇಕಾಗುತ್ತದೆ.

ಇಂಜಿನ್ನಿನ ಕೋಣೆಯ ಕೀಲಿಯೇ ಆ ಗಿಲಿಗಿಲಿ ಎನ್ನುತ್ತಿದ್ದ ಕೀಲಿ. ಅದನ್ನು ಕೊಡಲು ಕುದುರೆಯಕ್ಕನಿಗೆ ಬೇರೇನೂ ಅಡ್ಡಿಯಿರಲಿಲ್ಲ. ಅಪ್ಪನೇ ಅಡ್ಡಿ. ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಆದರೆ ಅವನು ಆಡಿದ ಒಂದು ಮಾತು ಇನ್ನೂ ಆ ದಂಡೆಯಲ್ಲಿ ಗಿರಗಿರ ಸುತ್ತುತ್ತಿತ್ತು.

ಅಪ್ಪ ದೋಣಿ ಬಡಗಿ. ಊರಲ್ಲಿ ದೋಣಿ ಮಾಡಿಸುವವರು ಕಡಿಮೆಯಾದಾಗ, ಉಳಿದ ಮರದಲ್ಲಿ ಕುದುರೆ ಕೆತ್ತಲು ಕೂತ. ಅವನು ಹತ್ತಿರದಿಂದ ನೋಡಿದ್ದ ಕುದುರೆ ಒಂದೇ ಒಂದು, ಸೌದೆ ಗಾಡಿಯದ್ದು. ಅದೂ ಯಾವಾಗಲೂ ನಿದ್ದೆ ಮಾಡುತ್ತಿತ್ತು. ಆದ್ದರಿಂದ ಅವನ ಕುದುರೆಗಳ ಕಣ್ಣೆಲ್ಲ ಅರೆಮುಚ್ಚಿದವು. ಹೊಟ್ಟೆಯಂತೂ ಕುದುರೆಯ ಹೊಟ್ಟೆಯೇ ಅಲ್ಲ, ಕೈಗೆ ರೂಢಿಯಿದ್ದ ದೋಣಿಯ ತಳ. ಒಂದು ವರ್ಷ ಬಿರುಗಾಳಿಗೆ ಕಡಲು ಉಕ್ಕಿ ಬಂದು ಕುದುರೆಗಳನ್ನು ಹೊತ್ತುಕೊಂಡು ಹೋದಾಗ ಆ ಹೊಟ್ಟೆಯೇ ಕಾಪಾಡಿತು. ಒಂದೂ ಮುಳುಗಲಿಲ್ಲ. ಮೀನಿಗೆ ಹೋದವರು ನೋಡಿದರೆ, ನೀರಿನ ಮೇಲೆ ತಲೆಯೆತ್ತಿಕೊಂಡು ಕುದುರೆಗಳ ಹಿಂಡು ತೇಲುತ್ತಿದೆ! ಹಗ್ಗ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ಬಂದರು. "ನಿಮ್ಮ ದನ ಮೇಯೋಕೆ ಬಂದಿತ್ತು, ಕಟ್ಟಿ ಹಾಕ್ಕೊಳ್ಳಿ" ಎಂದು ಅಪ್ಪನಿಗೆ ಒಪ್ಪಿಸಿದರು. ಅಮ್ಮ ಅಂದೇ ಹೇಳಿಬಿಟ್ಟಳು: "ಮುಂದಿನ ವರ್ಷದಿಂದ ಇವು ನನ್ನ ಕಣ್ಣೆದುರಿಗೇ ಇರಲಿ." ಕುದುರೆಗಳು ಮನೆಗೆ ಬರತೊಡಗಿದ್ದು ಹಾಗೆ.

ಆ ಕಾಲದಲ್ಲಿ ಚಕ್ರವನ್ನು ತಳ್ಳುತ್ತಿದ್ದವರು ಅಪ್ಪ ಅಮ್ಮ ಇಬ್ಬರೇ. ನಡುಗಂಬಕ್ಕೆ ಕಟ್ಟಿದ ಅಡ್ಡಮರ ಹಿಡಿದು ಸುತ್ತು ಬರುವುದು. ಆಗ ಕುದುರೆಗಳು ನೆಟ್ಟಗೆ ಮುಂದಕ್ಕೇ ಹೋಗುತ್ತಿದ್ದವು. ಮೇಲೆ ಕೂತವರು ಕೇಕೆ ಹಾಕುತ್ತಿದ್ದರು, ಕೆಳಗೆ ಅಮ್ಮ ಏದುಸಿರು ಬಿಡುತ್ತಾ, "ಕುದುರೆ ನಾವು, ಹೆಸರು ಅವಕ್ಕೆ" ಎನ್ನುತ್ತಿದ್ದಳು. ಆ ಮಾತು ಅಪ್ಪನಿಗೆ ತಾಗಿತು. ಹಳೆಯದೊಂದು ಇಂಜಿನ್ನು ತಂದ. ಜೊತೆಗೆ ಉದ್ದನೆಯ ಚರ್ಮದ ಬೆಲ್ಟು. ಇಂಜಿನ್ನಿನ ಗಾಲಿಯಿಂದ ಚಕ್ರದ ಗಾಲಿಗೆ ಬೆಲ್ಟು ಹಾಕಿದರೆ ಇದು ತಿರುಗಿದಂತೆ ಅದೂ ತಿರುಗಬೇಕು. ಆದರೆ ಬೆಲ್ಟು ಉದ್ದವಾಯಿತು, ಸಡಿಲಾಗಿ ಜೋತುಬಿತ್ತು, ಹಾಕಿದಷ್ಟೂ ಜಾರಿತು. ಹೊರಗೆ ಜನ ಬಂದು ಕುದುರೆ ಏರಿ ಕೂತಾಗಿತ್ತು. ಕತ್ತರಿಸಿ ಹೊಲಿಸಲು ಹೊತ್ತಿಲ್ಲ. ಅಪ್ಪ ಒಂದು ಕ್ಷಣ ನೋಡಿದ. ಬೆಲ್ಟನ್ನು ನಡುವೆ ಒಮ್ಮೆ ತಿರುಚಿ, ಕತ್ತರಿಯ ಹಾಗೆ ಅಡ್ಡಡ್ಡ ಮಾಡಿ ಹಾಕಿದ. ಬಿಗಿಯಾಗಿ ಕೂತಿತು. ಇಂಜಿನ್ನು ಚಾಲು ಮಾಡಿದ.

ಅಡ್ಡ ಹಾಕಿದ ಬೆಲ್ಟು ಗಾಲಿಯನ್ನು ಉಲ್ಟಾ ತಿರುಗಿಸುತ್ತದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ದೋಣಿಯ ಬಡಗಿಗೆ ಬೆಲ್ಟಿನ ಸಹವಾಸ ಎಲ್ಲಿಂದ ಬರಬೇಕು?

ಕುದುರೆಯಕ್ಕ ಆಗ ಪುಟ್ಟ ಹುಡುಗಿ, ಅಪ್ಪನ ಪಕ್ಕದಲ್ಲೇ ಇದ್ದಳು. ಕುದುರೆಗಳು ಬಾಲ ಮುಂದೆ ಮಾಡಿ ಹೊರಟಾಗ ಅಪ್ಪನ ಕಿವಿ ಕೆಂಪಗಾದದ್ದನ್ನು ಕಣ್ಣಾರೆ ಕಂಡಳು. ಜನ ಗೊಳ್ಳೆಂದರು. ಅಪ್ಪ ಹೊರಗೆ ಓಡಿಹೋಗಿ, ಎರಡೂ ಕೈ ಮೇಲೆತ್ತಿ ಕೂಗಿದ: "ಇದು ಹೀಗೇ ಹೋಗೋದು! ಬೇಕು ಅಂತಲೇ ಮಾಡಿರೋದು! ತಿರುಗಿ ಕೂತ್ಕೊಳ್ರಪ್ಪಾ, ಬಾಲದ ಕಡೆ ಮುಖ ಮಾಡಿ. ಬೇರೆ ಊರಲ್ಲಿ ಎಲ್ಲಾದ್ರೂ ಇದೆಯಾ ಹೀಗೆ? ಆ ದರ್ಜಿನ ನೋಡಿ, ಅವನಿಗೆ ಗೊತ್ತು ಹೇಗೆ ಕೂರ್ಬೇಕು ಅಂತ!"

ನಿಜಕ್ಕೂ ಒಂದು ಕುದುರೆಯ ಮೇಲೆ ಊರಿನ ಎಳೆಯ ದರ್ಜಿ ಬಾಲದ ಕಡೆಗೆ ತಿರುಗಿ ಕೂತಿದ್ದ. ಅವನನ್ನು ನೋಡಿ ಮಿಕ್ಕವರೂ ತಿರುಗಿದರು. ಆಮೇಲೆ ಅದೇ ಪದ್ಧತಿಯಾಯಿತು. ಅಪ್ಪ ಮನೆಗೆ ಬಂದು ಅಮ್ಮನಿಗೂ ಅದನ್ನೇ ಹೇಳಿದ: "ಬೇಕು ಅಂತಲೇ." ಅಮ್ಮ, "ಹೌದಾ?" ಎಂದಳು ಅಷ್ಟೆ. ಸಾಯುವವರೆಗೂ ಅವನು ಆ ಮಾತು ಬಿಡಲಿಲ್ಲ. ಕೇಳಿದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ.

ಆ ಕೆಂಪು ಕಿವಿಯನ್ನು ಕಂಡವಳು ತಾನೊಬ್ಬಳೇ ಎಂದು ಕುದುರೆಯಕ್ಕ ನಂಬಿದ್ದಳು. ಬೆಲ್ಟು ಸರಿಮಾಡುವುದೆಂದರೆ, ಅಷ್ಟು ದಿನ ಅದು ತಪ್ಪಾಗಿತ್ತು ಎಂದು ಡಂಗುರ ಸಾರಿದ ಹಾಗೆ. ಅಪ್ಪನ ಮಾತು ಸುಳ್ಳಾಗುತ್ತದೆ. ಊರು ನಗುತ್ತದೆ. ಅಪ್ಪ ಎದ್ದು ಬಂದು ಮತ್ತೊಮ್ಮೆ ಕೈಯೆತ್ತಿ ಕೂಗಲಾರ.

ತಮ್ಮನಿಗೆ ಇದು ಅರ್ಥವಾಗಲಿಲ್ಲ. ಇಂಜಿನ್ನು ನೋಡಿಕೊಳ್ಳುವವನು ಅವನು. "ಕೊಟ್ಬಿಡೇ ಅಕ್ಕ ಕೀಲಿ. ಆ ಬೆಲ್ಟು ಅಡ್ಡ ಬರೋ ಕಡೆ ತನ್ನ ಮೈಗೆ ತಾನೇ ಉಜ್ಜಿ ಸವೀತಿದೆ. ಅದಕ್ಕೆ ಎಣ್ಣೆ ಕುಡಿಸಿ ಕುಡಿಸಿ ನನ್ನ ಕೈ ಜಿಡ್ಡು ಹೋಗ್ತಿಲ್ಲ."

"ಲೋ, ನಿನ್ನ ಕೈ ಜಿಡ್ಡು ಹೋಗ್ದೇ ಇರೋದು ನೀನು ತೊಳ್ಯಲ್ಲ ಅಂತ. ಅಪ್ಪನ್ನ ಊರೆದುರು ಪೆದ್ದ ಮಾಡ್ತೀಯಾ?"

"ಚಕ್ರ ನಿಂತ್ಹೋದ್ರೆ ಅಪ್ಪಂಗೆ ಬುದ್ಧಿವಂತ ಅಂತ ಬಿರುದು ಕೊಡ್ತಾರಾ?"

"ನೀನು ಹೋಗಿ ಗಂಟುಮೋರೆ ಎದುರು ಕೂತ್ಕೋ!"

"ನೀನೇ ಎದುರಿಗಿದೀಯಲ್ಲ, ಬೇರೆ ಯಾಕೆ?" ಎಂದು ಅವನು ಓಟ ಕಿತ್ತ. ಅವನಿಗೂ ತಲೆಯೆಲ್ಲ ನರೆತಿತ್ತು.

ಮೆಕ್ಯಾನಿಕ್ ಹುಡುಗಿ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಪ್ರತಿಸಲ ಕೀಲಿಯ ಬದಲು ಒಂದು ಲೋಟ ಟೀ, ಒಂದು ಕಥೆ. ಕೊನೆಗೆ ಒಂದು ದಿನ ಅವಳು ಒಬ್ಬಳೇ ಬರಲಿಲ್ಲ. ದರ್ಜಿ ಮಾವನ ತೋಳು ಹಿಡಿದು ನಡೆಸಿಕೊಂಡು ಬಂದಳು. ಅಂದಿನ ಎಳೆಯ ದರ್ಜಿ ಈಗ ಬಾಗಿದ ಬೆನ್ನಿನ ಮುದುಕ. ಕೊರಳಲ್ಲಿ ಅಳತೆಯ ಟೇಪು ಮಾತ್ರ ಹಾಗೆಯೇ ನೇತಾಡುತ್ತಿತ್ತು.

"ಈ ಮಗು ನನ್ನ ಅಂಗಡಿಗೆ ಬಂದು, ಮೊದಲ ದಿನ ಏನಾಯ್ತು ಅಂತ ಕೇಳ್ತು" ಎಂದ ಮಾವ, ಸ್ಟೂಲಿನ ಮೇಲೆ ಕೂರಲು ಹೋದ.

"ಅದರ ಮೇಲೆ ಬೇಡ ಮಾವ!" ಎಂದು ಅಕ್ಕ ತಮ್ಮ ಇಬ್ಬರೂ ಕೂಗಿದರು.

ಮಾವ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟ. "ಆವತ್ತು ನಾನು ಯಾಕೆ ಬಾಲದ ಕಡೆ ತಿರುಗಿದ್ದೆ ಗೊತ್ತೇನೇ ಮಗೂ ನಿಂಗೆ?"

"ಚಕ್ರ ಹೇಗೆ ಹೋಗುತ್ತೆ ಅಂತ ನೋಡಿ ತಿರುಗಿದ್ರಿ" ಎಂದಳು ಕುದುರೆಯಕ್ಕ.

"ಚಕ್ರ ಹೊರಡೋಕೆ ಮುಂಚೇನೇ ತಿರುಗಿದ್ದೆ. ನಿಮ್ಮತ್ತೆ ನನ್ನ ಹಿಂದಿನ ಕುದುರೆ ಮೇಲೆ ಕೂತಿದ್ಲು. ಆಗ ಅತ್ತೆ ಅಲ್ಲ, ಮೀನು ಮಾರೋರ ಮನೆ ಹುಡುಗಿ. ನಾನು ಅವಳನ್ನ ನೋಡೋಕೆ ತಿರುಗಿದ್ದು. ಅವಳಪ್ಪ ನೋಡ್ಬಿಟ್ರೆ ಏನು ಗತಿ ಅಂತ ಎದೆ ಢವಢವ. ಅಷ್ಟರಲ್ಲಿ ನಿಮ್ಮಪ್ಪ 'ದರ್ಜಿನ ನೋಡಿ' ಅಂತ ಕೂಗ್ಬೇಕಾ! ಊರೆಲ್ಲ ನನ್ನ ಕಡೆ ತಿರುಗ್ತು. ಸತ್ತೆ ಅಂದ್ಕೊಂಡೆ. ನೋಡಿದ್ರೆ ಎಲ್ರೂ ನನ್ನ ಹಾಗೇ ತಿರುಗಿ ಕೂರ್ತಿದಾರೆ. ಬದುಕಿದೆ! ನಿಮ್ಮಪ್ಪ ನನ್ನ ಉಳಿಸಿದ, ನಾನು ನಿಮ್ಮಪ್ಪನ್ನ ಉಳಿಸಿದೆ."

ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಕುದುರೆಯಕ್ಕ ನಗಲಿಲ್ಲ. "ಉಳಿಸೋದು ಅಂದ್ರೇನು ಮಾವ? ಅಪ್ಪ ಬೇಕು ಅಂತಲೇ..."

"ಆವತ್ತೇ ಸಂಜೆ ನಿಮ್ಮಪ್ಪ ಬೆಲ್ಟು ಸುತ್ಕೊಂಡು ನನ್ನ ಅಂಗಡಿಗೆ ಬಂದ. 'ಇದನ್ನ ಮೋಟು ಮಾಡಿ ಹೊಲಿದುಕೊಡು ಮಾರಾಯ, ಯಾರಿಗೂ ಹೇಳ್ಬೇಡ' ಅಂದ. ನಾನು ದಬ್ಬಳದಲ್ಲಿ ತೂತು ಹೊಡ್ಯೋಕೆ ಶುರು ಮಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಮಕ್ಕಳ ದಂಡು. 'ನಾಳೆನೂ ಬಾಲದ ಕಡೆ ತಾನೇ ಮಾಮ?' ಅಂತ ಕುಣೀತಿದಾವೆ. ನಿಮ್ಮಪ್ಪ ಬೆಲ್ಟು ಕಿತ್ಕೊಂಡು, 'ಇರ್ಲಿ ಬಿಡು' ಅಂತ ಹೋದ. ಬೇಕು ಅಂತ ಮಾಡಿದ್ದು ಅಂದ್ರೆ ಅದು. ಮೊದಲ್ನೇ ದಿನದ್ದಲ್ಲ, ಎರಡ್ನೇ ದಿನದ್ದು."

ಕುದುರೆಯಕ್ಕ ಸೊಂಟದ ಕೀಲಿಯನ್ನು ಒತ್ತಿ ಹಿಡಿದಳು. "ಇದು ಬೇರೆ ಯಾರಿಗೆ ಗೊತ್ತು?"

ದರ್ಜಿ ಮಾವ ಅವಳನ್ನೇ ನೋಡಿದ. "ಯಾರಿಗೆ ಗೊತ್ತಿಲ್ಲ ಕೇಳು. ಹಿಟ್ಟಿನ ಗಿರಣಿಯವನಿಗೆ ಗೊತ್ತಿಲ್ವಾ, ಅಡ್ಡ ಬೆಲ್ಟು ಏನು ಮಾಡುತ್ತೆ ಅಂತ? ಕಮ್ಮಾರನಿಗೆ ಗೊತ್ತಿಲ್ವಾ? ನಿಮ್ಮಮ್ಮನಿಗೆ ಗೊತ್ತಿರ್ಲಿಲ್ವಾ? ಊರಿಗೆಲ್ಲ ಗೊತ್ತಿತ್ತು ಮಗೂ. ಊರಿಗೆಲ್ಲ ಗೊತ್ತು ಅನ್ನೋದು ಗೊತ್ತಿಲ್ದೇ ಇದ್ದೋನು ನಿಮ್ಮಪ್ಪ ಒಬ್ನೇ. ಪಾಪ, ಅಷ್ಟು ಖುಷಿಯಾಗಿ ಹೇಳ್ತಿದ್ದ. ಯಾರಿಗೆ ಮನಸ್ಸು ಬರುತ್ತೆ ಹೇಳು."

ಹೊರಗೆ ಕಡಲು ಎಂದಿನಂತೆ ವಟಗುಟ್ಟುತ್ತಿತ್ತು. ಆಮೇಲೆ ಕುದುರೆಯಕ್ಕ ಸೊಂಟದಿಂದ ಕೀಲಿ ತೆಗೆದಳು.

"ಸಿಕ್ಕಿತಾ ಅಕ್ಕಾ?" ಎಂದಳು ಹುಡುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

"ಇಲ್ಲೇ ಇತ್ತು ನೋಡಮ್ಮ. ವಯಸ್ಸಾಯ್ತಲ್ಲ."

ಬೆಲ್ಟು ಕಳಚಿ ಅಂಗಳದಲ್ಲಿ ಹಾಸಿದಾಗ ಅದರ ಒಳಮೈಯಲ್ಲಿ ತೂತುಗಳ ಒಂದು ಮೋಟು ಸಾಲು ಕಂಡಿತು. ತಮ್ಮನ ಜೊತೆ ಎಣ್ಣೆ ಹಚ್ಚುವಾಗ ಕುದುರೆಯಕ್ಕ ಎಷ್ಟೋ ಸಲ ಅವುಗಳ ಮೇಲೆ ಬೆರಳಾಡಿಸಿದ್ದಳು, ಹುಳ ತಿಂದದ್ದು ಎಂದುಕೊಂಡಿದ್ದಳು. ಮಾವ ಟೇಪು ಹಿಡಿದು ಅಳೆದ. "ಕೈ ನಡುಗುತ್ತೆ, ಅಳತೆ ಮಾತ್ರ ಸರಿಯಾಗಿದೆ" ಎಂದು ತನ್ನನ್ನು ತಾನೇ ಹೊಗಳಿಕೊಂಡ. ಸವೆದಿದ್ದ ತುಂಡನ್ನು ಕತ್ತರಿಸಿ ತೆಗೆದರು. ತೂತು ಹೊಡೆದದ್ದು ಹುಡುಗಿ, ದಾರ ಪೋಣಿಸಿದ್ದು ತಮ್ಮ, ಹೊಲಿದದ್ದು ಮಾವ. "ಇನ್ನೂ ಬಿಗಿ ಮಾವ." "ನೀನು ನಿನ್ನ ಇಂಜಿನ್ನು ನೋಡ್ಕೋ, ನನಗೆ ಹೊಲಿಗೆ ಕಲಿಸ್ಬೇಡ." "ಎಷ್ಟು ಹೊತ್ತು ಮಾವ?" "ಇಷ್ಟು ವರ್ಷ ಕಾದಿದೆ, ಇನ್ನೊಂದು ಲೋಟ ಟೀ ಕಾಯಲ್ವಾ?" ಮುಗಿದ ಮೇಲೆ ಹುಡುಗಿ ಅದನ್ನು ಎಳೆದು ನೋಡಿ, ಗಾಲಿಗಳ ಮೇಲೆ ನೇರವಾಗಿ ಹಾಕಿದಳು. ಸರಿಯಾಗಿ ಕೂತಿತು.

ಸಂಜೆ ಸುದ್ದಿ ಹಬ್ಬಿ ಜನ ಸೇರಿದರು. ಕುದುರೆಯಕ್ಕ ಕಟ್ಟೆಯ ಮೇಲೆ ನಿಂತು ಅಪ್ಪನ ಹಾಗೆಯೇ ಎರಡೂ ಕೈ ಮೇಲೆತ್ತಿದಳು. "ಕೇಳಿ ಎಲ್ರೂ! ಇವತ್ತಿಂದ ಕುದುರೆ ಮೂತಿ ಕಡೆಗೇ ಹೋಗುತ್ತೆ. ಬೇಕು ಅಂತಲೇ ಮಾಡಿರೋದು!"

ಜನ ಗೊಳ್ಳೆಂದರು. ಅಪ್ಪನನ್ನು ನೋಡಿ ನಕ್ಕ ನಗುವಲ್ಲ ಅದು, ಅಪ್ಪನ ಜೊತೆ ನಕ್ಕ ಹಾಗಿತ್ತು. ಎಲ್ಲರೂ ಕುದುರೆ ಏರಿದರು. ಏರಿ, ಅಷ್ಟು ಕೇಳಿಯೂ, ರೂಢಿಯಂತೆ ಬಾಲದ ಕಡೆ ಮುಖಮಾಡಿ ಕೂತರು! ಹೆಡ್‌ಮಾಸ್ತರೂ ಅಷ್ಟೆ. ಚಕ್ರ ಹೊರಟಿತು, ಊರಿಗೆ ಊರೇ ಬೆನ್ನು ಮುಂದೆ ಮಾಡಿಕೊಂಡು ಹೊರಟಿತು. "ತಿರುಗ್ರಪ್ಪಾ! ತಿರುಗಿ ಕೂತ್ಕೊಳ್ಳಿ!" ಎಂದು ತಮ್ಮ ಬಡಕೊಂಡ. ಚಕ್ರ ನಿಲ್ಲಿಸಿ, ತಿರುಗಿಸಿ ಕೂರಿಸಿ, ಮತ್ತೆ ಹೊರಡಿಸಿದ್ದಾಯಿತು. ದರ್ಜಿ ಮಾವ ಮಾತ್ರ ತಿರುಗಲಿಲ್ಲ. ಅವನ ಹಿಂದಿನ ಕುದುರೆಯ ಮೇಲೆ ಮುದುಕಿ ಅತ್ತೆ ಕೂತಿದ್ದಳು. "ಮಾನ ಮರ್ಯಾದೆ ಇಲ್ಲ ಇವರಿಗೆ" ಎಂದು ಬೈಯುತ್ತಿದ್ದಳು, ನಗುತ್ತಲೂ ಇದ್ದಳು.

ಕೊನೆಯ ಸುತ್ತಿಗೆ ಹುಡುಗಿ ಕುದುರೆಯಕ್ಕನ ಕೈ ಹಿಡಿದು ಗಂಟುಮೋರೆಯ ಮೇಲೆ ಕೂರಿಸಿದಳು. ಅಕ್ಕನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಬಾಲಕ್ಕೆ ಹೋದ ಕೈಯನ್ನು ಎಳೆದುಕೊಂಡು ಕಂಬ ಹಿಡಿದಳು. ಎದುರಿಗೆ ಎರಡು ಚೂಪು ಕಿವಿಗಳು. ಅವುಗಳ ನಡುವೆ ಕಡಲು ಬಂತು, ಹೋಯಿತು, ಮತ್ತೆ ಬಂತು.

"ಹೇಗಿದೆ ಅಕ್ಕಾ?" ಎಂದು ಹುಡುಗಿ ಕೂಗಿ ಕೇಳಿದಳು.

"ಕಿವಿ ಒಳಗೆಲ್ಲ ಧೂಳು ಕಣೇ!" ಎಂದು ಕುದುರೆಯಕ್ಕ ಕೂಗಿದಳು. "ಇಷ್ಟು ದಿನ ಈ ಕಡೆ ನೋಡೇ ಇಲ್ವಲ್ಲ ನಾನು!"

ಬೆಳಗಾದರೆ ಕುದುರೆಗಳ ಮೈಮೇಲೆ ಕಡಲ ಉಪ್ಪು ತೆಳ್ಳಗೆ ಕೂತಿರುತ್ತದೆ. ದಿನವೂ ಸಿಹಿನೀರಿನಲ್ಲಿ ತೊಳೆಯದಿದ್ದರೆ ಬಣ್ಣ ತಿನ್ನುತ್ತದೆ. ಮರುದಿನ ಬೆಳಗ್ಗೆ ಕುದುರೆಯಕ್ಕ ಎಂದಿನಂತೆ ಬಾವಿಯಿಂದ ನೀರು ಸೇದಿ, ಬಕೆಟ್ಟು ಹಿಡಿದು, ಹಳೆಯ ಸೀರೆಯ ತುಂಡು ಹೆಗಲಿಗೆ ಹಾಕಿಕೊಂಡು ಹೋದಳು. ಎಂದಿನಂತೆ ಬಾಲದಿಂದ ಶುರುಮಾಡಲು ಬಗ್ಗಿದಳು. ಬಗ್ಗಿದವಳು ಎದ್ದಳು. ಕುದುರೆಯ ಮುಂದಕ್ಕೆ ಹೋಗಿ, ಬಟ್ಟೆಯ ತುದಿ ಹಿಂಡಿ, ಬೆರಳಿಗೆ ಸುತ್ತಿ, ಗಂಟುಮೋರೆಯ ಬಲಗಿವಿಯ ಒಳಗೆ ತೂರಿಸಿ ತಿರುವಿದಳು.

"ಅಲುಗಾಡಬೇಡ" ಎಂದು ಗದರಿ, ಎಡಗಿವಿಗೆ ಕೈಹಾಕಿದಳು.